ಜಿಂಬಾಬ್ವೆಯ ಮತದಾನಕ್ಕೆ ಹೊರಗಿನ ಕಾನೂನಿನ ಆಸರೆ

ಮಾನ್ಯ ಸಂಪಾದಕರೇ,

ಜಿಂಬಾಬ್ವೆಯ ಅಧ್ಯಕ್ಷ ಎಮರ್ಸನ್ ಮ್ನಂಗಾಗ್ವಾ ಅವರ ಅಧಿಕಾರಾವಧಿಯನ್ನು 2028ರಿಂದ 2030ರವರೆಗೆ ವಿಸ್ತರಿಸಬೇಕೆಂದು ಆಡಳಿತಾರೂಢ ಜಾನು–ಪಿಎಫ್ ಪಕ್ಷವು 2024ರಲ್ಲಿ ನಿರ್ಣಯ ಕೈಗೊಂಡಿದೆ. ಒಂದು ದೇಶದ ಚುನಾವಣೆ ಸರಿದಾರಿಗೆ ಬರಲು ಇನ್ನೊಂದು ದೇಶದ ಶಾಸನಸಭೆ ಎಷ್ಟರಮಟ್ಟಿಗೆ ನೆರವಾಗಬಲ್ಲದು ಎಂಬುದನ್ನು ಈ ಹೊತ್ತಿನಲ್ಲಿ ಭಾವಾವೇಶವಿಲ್ಲದೆ ಪರಿಶೀಲಿಸುವುದು ಒಳ್ಳೆಯದು.

ಅಮೆರಿಕದ ಸಂಸತ್ತು 2001ರ ಡಿಸೆಂಬರ್‌ನಲ್ಲಿ ಜಿಂಬಾಬ್ವೆಗೆಂದೇ ಒಂದು ಕಾಯ್ದೆ ಮಾಡಿತು. ಕಾನೂನಿನ ಆಳ್ವಿಕೆ ಮರಳಿ, ಮುಕ್ತ ಚುನಾವಣೆಗೆ ವಾತಾವರಣ ನಿರ್ಮಾಣವಾಗುವವರೆಗೆ ವಿಶ್ವಬ್ಯಾಂಕ್ ಮತ್ತು ಐಎಂಎಫ್‌ನಲ್ಲಿ ಆ ದೇಶದ ಸಾಲ ಹಾಗೂ ಸಾಲಮನ್ನಾಕ್ಕೆ ಅಮೆರಿಕದ ಪ್ರತಿನಿಧಿಗಳು ವಿರೋಧವಾಗಿ ಮತ ಹಾಕಬೇಕೆಂಬುದು ಅದರ ತಿರುಳು. ಆದರೆ ಹಳೆಯ ಬಾಕಿ ತೀರಿಸದ ಕಾರಣ ಈ ಸಂಸ್ಥೆಗಳ ಬಾಗಿಲು ಜಿಂಬಾಬ್ವೆಗೆ ಆಗಲೇ ಮುಚ್ಚಿತ್ತು. ಹೀಗಾಗಿ ಕಾಯ್ದೆಯಿಂದ ಕೈಗೆ ಬಂದದ್ದು ಕಡಿಮೆ; ಆಳುವವರಿಗೆ ಮಾತ್ರ ತಮ್ಮ ದುರಾಡಳಿತದ ಹೊಣೆಯನ್ನೆಲ್ಲ ‘ನಿರ್ಬಂಧ’ದ ತಲೆಗೆ ಕಟ್ಟಲು ಅನುಕೂಲವಾಯಿತು. ಮತದಾರರ ಪಟ್ಟಿ, ಚುನಾವಣಾ ಆಯೋಗದ ಸ್ವಾತಂತ್ರ್ಯದಂತಹ ನಿರ್ದಿಷ್ಟ ಷರತ್ತುಗಳನ್ನು ಸೇರಿಸಿದ ತಿದ್ದುಪಡಿಗೆ ಸಹಿ ಬಿದ್ದದ್ದು 2018ರ ಆಗಸ್ಟ್‌ನಲ್ಲಿ. ಅಲ್ಲಿ ಮತದಾನ ಜುಲೈ 30ರಂದೇ ಮುಗಿದಿತ್ತು!

ಇದಕ್ಕೆ ಹೋಲಿಸಿದರೆ, ದಕ್ಷಿಣ ಆಫ್ರಿಕಾದ ಅಂದಿನ ಅಧ್ಯಕ್ಷ ಥಾಬೊ ಎಂಬೆಕಿ ಅವರ ಮಧ್ಯಸ್ಥಿಕೆಯ ಮಾತುಕತೆಯ ಬಳಿಕ ಜಿಂಬಾಬ್ವೆಯ ಸಂಸತ್ತೇ ಒಪ್ಪಿದ ಒಂದು ಸಣ್ಣ ನಿಯಮ ಹೆಚ್ಚು ಕೆಲಸ ಮಾಡಿತೆಂಬುದು ನನ್ನ ಅಭಿಪ್ರಾಯ. ಅಲ್ಲಿ ಮತ ಎಣಿಕೆ ಮತಗಟ್ಟೆಯಲ್ಲಿಯೇ ನಡೆಯುತ್ತದೆ. ಎಣಿಕೆಯ ಹಾಳೆಯನ್ನು ಎಲ್ಲರಿಗೂ ಕಾಣುವಂತೆ ಮತಗಟ್ಟೆಯ ಹೊರಗೆ ಅಂಟಿಸಬೇಕೆಂದು ಆ ನಿಯಮ ವಿಧಿಸಿತು. 2008ರ ಮಾರ್ಚ್ 29ರ ರಾತ್ರಿ ವಿರೋಧ ಪಕ್ಷದ ಕಾರ್ಯಕರ್ತರು ಈ ಹಾಳೆಗಳ ಫೋಟೊ ತೆಗೆದು ಮೊತ್ತ ಕೂಡಿಸಿದರು. ಆಯೋಗವು ಅಧ್ಯಕ್ಷೀಯ ಫಲಿತಾಂಶವನ್ನು ಮೇ 2ರವರೆಗೆ ಹಿಡಿದಿಟ್ಟುಕೊಂಡಿತಾದರೂ, ವಿರೋಧ ಪಕ್ಷದ ಮಾರ್ಗನ್ ಚಾಂಗಿರಾಯ್‌ಗೆ ಶೇ 47.9, ಅಂದಿನ ಅಧ್ಯಕ್ಷ ರಾಬರ್ಟ್ ಮುಗಾಬೆಗೆ ಶೇ 43.2 ಎಂದು ಒಪ್ಪಿಕೊಳ್ಳಲೇಬೇಕಾಯಿತು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬಾರದ್ದರಿಂದ ನಿಗದಿಯಾದ ಎರಡನೆಯ ಸುತ್ತಿಗೆ ಮುನ್ನ ನಡೆದ ಹಿಂಸಾಚಾರವನ್ನು ಯಾವ ಹಾಳೆಯೂ ತಡೆಯಲಿಲ್ಲ, ಚಾಂಗಿರಾಯ್ ಕಣದಿಂದ ಹಿಂದೆ ಸರಿದರು ಎಂಬುದೂ ಅಷ್ಟೇ ನಿಜ.

ಆಳುವವರು ಯಾವುದಕ್ಕೆ ಅಂಜುತ್ತಾರೆಂಬುದು 2023ರ ಆಗಸ್ಟ್‌ನಲ್ಲಿ ಇನ್ನಷ್ಟು ಸ್ಪಷ್ಟವಾಯಿತು. ಮತಗಟ್ಟೆವಾರು ಅಂಕಿಗಳನ್ನು ಸ್ವತಂತ್ರವಾಗಿ ಕೂಡಿಸುತ್ತಿದ್ದ ನಾಗರಿಕ ಸಂಘಟನೆಗಳ ಕೇಂದ್ರಗಳ ಮೇಲೆ ಪೊಲೀಸರು ದಾಳಿ ಮಾಡಿ, ಹತ್ತಾರು ಮಂದಿಯನ್ನು ಬಂಧಿಸಿ, ಕಂಪ್ಯೂಟರುಗಳನ್ನು ಹೊತ್ತೊಯ್ದರು. ನೆರೆಯ ರಾಷ್ಟ್ರಗಳ ಒಕ್ಕೂಟವಾದ ಎಸ್‌ಎಡಿಸಿಯ ವೀಕ್ಷಕರೇ ಆ ಚುನಾವಣೆಯನ್ನು ಟೀಕಿಸಿದರು. ನೆರೆಯವರ ಈ ಮಾತನ್ನು ಪಾಶ್ಚಾತ್ಯರ ಪಿತೂರಿಯೆಂದು ತಳ್ಳಿಹಾಕುವುದು ಸುಲಭವಿರಲಿಲ್ಲ.

ಅಮೆರಿಕ 2024ರ ಮಾರ್ಚ್‌ನಲ್ಲಿ ತನ್ನ ಅಧ್ಯಕ್ಷರ ಆದೇಶದ ಮೂಲಕ ಜಿಂಬಾಬ್ವೆಯ ಮೇಲೆ ಹೇರಿದ್ದ ಪ್ರತ್ಯೇಕ ನಿರ್ಬಂಧ ಕಾರ್ಯಕ್ರಮವನ್ನು ಕೊನೆಗೊಳಿಸಿದಾಗಲೂ 2001ರ ಕಾಯ್ದೆ ಹಾಗೆಯೇ ಉಳಿಯಿತು. ಇಂಥ ಕಾಯ್ದೆಗಳನ್ನು ಬರೆಯುವವರು ಸಾಲದ ಷರತ್ತಿಗಿಂತ ಮೊದಲು, ಮತಗಟ್ಟೆವಾರು ಫಲಿತಾಂಶದ ಪ್ರಕಟಣೆ ಮತ್ತು ಸ್ಥಳೀಯ ವೀಕ್ಷಕರ ರಕ್ಷಣೆಗೆ ಒತ್ತು ಕೊಡಲಿ. ಮತಗಟ್ಟೆ ಏಜೆಂಟರ ಕೈಗೆ ಚಲಾವಣೆಯಾದ ಮತಗಳ ಲೆಕ್ಕವಿರುವ 17ಸಿ ನಮೂನೆ ಕೊಡುವ ನಮ್ಮ ದೇಶದ ಚುನಾವಣಾ ಆಯೋಗವು ವಿದೇಶಿ ಚುನಾವಣಾ ಅಧಿಕಾರಿಗಳಿಗೆ ದೆಹಲಿಯಲ್ಲಿ ತರಬೇತಿಯನ್ನೂ ನೀಡುತ್ತಿರುವುದರಿಂದ, ಈ ವಿಷಯವನ್ನು ಜಿಂಬಾಬ್ವೆ ಸರ್ಕಾರದೊಂದಿಗೆ ಪ್ರಸ್ತಾಪಿಸಲು ಭಾರತಕ್ಕೆ ಸಂಕೋಚವೇಕೆ?

— ಓದುಗ, ಧಾರವಾಡ