ಹಳೆಯ ಪಾಸ್‌ವರ್ಡನ್ನೇ ಕಳಿಸಿಕೊಡುವ ವೆಬ್‌ಸೈಟ್‌ಗಳು

ಮಾನ್ಯರೇ,

ಪತ್ತಿನ ಸಹಕಾರ ಸಂಘ, ಶಾಲೆಯ ಆಡಳಿತ ಮಂಡಳಿ, ಹಳೆಯ ವಿದ್ಯಾರ್ಥಿಗಳ ಸಂಘ, ಎಲ್ಲರಿಗೂ ಈಗ ಸದಸ್ಯರು ಲಾಗಿನ್ ಆಗುವ ವೆಬ್‌ಸೈಟ್ ಬೇಕು. ಮಾಡಿಕೊಡುವವರೂ ಸಿಗುತ್ತಾರೆ. ಪುಟ ಚೆಂದ ಕಂಡರೆ ಬಿಲ್ ಪಾಸಾಗುತ್ತದೆ. ಕೊನೆಯ ಕಂತು ಕೊಡುವ ಮೊದಲು ಪದಾಧಿಕಾರಿಗಳು ಒಮ್ಮೆ ‘ಪಾಸ್‌ವರ್ಡ್ ಮರೆತಿದೆ’ ಎಂಬುದನ್ನು ಒತ್ತಿ ನೋಡಲಿ. ಹೊಸ ಪಾಸ್‌ವರ್ಡ್ ಹಾಕಿಕೊಳ್ಳಲು ಲಿಂಕ್ ಬಂದರೆ ಸರಿ. ಹಳೆಯ ಪಾಸ್‌ವರ್ಡೇ ಇಮೇಲಿಗೆ ಬಂತೆಂದರೆ, ಎಲ್ಲ ಸದಸ್ಯರ ಪಾಸ್‌ವರ್ಡೂ ಡೇಟಾಬೇಸಿನಲ್ಲಿ ಓದಲು ಬರುವಂತೆಯೇ ಕೂತಿದೆ ಎಂದರ್ಥ. ಅಂಥ ಬಿಲ್ಲಿಗೆ ಸಹಿ ಹಾಕಬಾರದು.

2009ರಲ್ಲಿ ರಾಕ್‌ಯೂ ಎಂಬ ಅಮೆರಿಕದ ಕಂಪನಿಯಿಂದ ಹೀಗೆ ಇಟ್ಟಿದ್ದ 3.2 ಕೋಟಿ ಪಾಸ್‌ವರ್ಡ್ ಸೋರಿತು. ಪಾಸ್‌ವರ್ಡ್ ಒಡೆಯುವವರು ಇಂದಿಗೂ ಮೊದಲು ತೆರೆಯುವುದು ಆ ಪಟ್ಟಿಯನ್ನೇ. 2012ರಲ್ಲಿ ಲಿಂಕ್ಡ್‌ಇನ್‌ನಿಂದ ಸೋರಿದವು ಹ್ಯಾಶ್ ಮಾಡಿದ್ದವೇ, ಅಂದರೆ ವಾಪಸ್ ಓದಲು ಬಾರದ ಸಾಲಾಗಿ ಬದಲಿಸಿದ್ದವೇ. ಆದರೆ ಎಸ್‌ಎಚ್‌ಎ-1ರಲ್ಲಿ, ಸಾಲ್ಟ್ (ಒಂದೊಂದು ಪಾಸ್‌ವರ್ಡಿಗೂ ಬೆರೆಸುವ ಬೇರೆ ಬೇರೆ ಗೊತ್ತುಗುರಿಯಿಲ್ಲದ ಅಕ್ಷರಗಳು) ಇಲ್ಲದೆ. ಎಸ್‌ಎಚ್‌ಎ-1, ಎಂಡಿ5 ಈ ಹ್ಯಾಶ್ ವಿಧಾನಗಳೆಲ್ಲ ವೇಗಕ್ಕೆಂದೇ ಹುಟ್ಟಿದವು. ಒಂದು ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ನೂರಾರು ಕೋಟಿ ಊಹೆ ಮಾಡಿ ನೋಡುತ್ತದೆ. ಪಾಸ್‌ವರ್ಡಿಗೆ ಬೇಕಾದದ್ದು ನಿಧಾನ. ಬೇಕೆಂದೇ ನಿಧಾನವಾಗಿಸಿದ ಬಿಕ್ರಿಪ್ಟ್ ಎಂಬ ಹ್ಯಾಶ್ ವಿಧಾನದಲ್ಲಿ ಕಾಸ್ಟ್ (ನಿಧಾನದ ಮಟ್ಟ) 12 ಇಟ್ಟರೆ 4096 ಸುತ್ತು, ಒಂದು ಏರಿಸಿದರೆ ಅದರ ಎರಡರಷ್ಟು. ಸಾಮಾನ್ಯ ಸರ್ವರ್‌ನಲ್ಲಿ ಕಾಲು ಸೆಕೆಂಡ್ ಆಸುಪಾಸು ಹಿಡಿಯುತ್ತದೆ. ಲಾಗಿನ್ ಆಗುವವರಿಗೆ ಅದು ಗೊತ್ತೂ ಆಗುವುದಿಲ್ಲ, ಕಳ್ಳನಿಗೆ ವರ್ಷಗಳಾಗುತ್ತವೆ. ಹೊಸದಾಗಿ ಶುರುಮಾಡುವವರು ಆರ್ಗಾನ್2ಐಡಿ ಎಂಬ ಇನ್ನೂ ಹೊಸ ವಿಧಾನವನ್ನು ಕನಿಷ್ಠ 19 ಎಂಬಿ ಮೆಮೊರಿ, 2 ಸುತ್ತು ಕೊಟ್ಟು ಬಳಸಬಹುದು.

ಇದೆಲ್ಲ ಕಾಲೇಜು ಪ್ರಾಜೆಕ್ಟ್ ಮಾಡಿದ ಹುಡುಗರಿಗೂ ಗೊತ್ತಿರುತ್ತದೆ. ಕೆಡುವುದು ಬೇರೆ ಕಡೆ. ಬೀಗ ಸಿಕ್ಕಿಕೊಂಡಾಗ ಬೀಗವನ್ನೇ ಕಿತ್ತುಹಾಕಿ ‘ಸರಿಯಾಯಿತು’ ಎನ್ನುತ್ತಾರೆ.

ಬಿಕ್ರಿಪ್ಟ್ ಕೊಡುವ ಸಾಲು 60 ಅಕ್ಷರದ್ದು. ಟೇಬಲ್ಲಿನ ಪಾಸ್‌ವರ್ಡ್ ಕಾಲಂ 50 ಅಕ್ಷರದ್ದಾಗಿದ್ದರೆ, ಸ್ಟ್ರಿಕ್ಟ್ ಮೋಡ್ (ಅಳತೆ ಮೀರಿದ್ದನ್ನು ತಿರಸ್ಕರಿಸುವ ವ್ಯವಸ್ಥೆ) ಇಲ್ಲದ ಮೈಎಸ್‌ಕ್ಯೂಎಲ್ ಡೇಟಾಬೇಸ್ ಕೊನೆಯ 10 ಅಕ್ಷರ ಕತ್ತರಿಸಿ ಸುಮ್ಮನಾಗುತ್ತದೆ. ನೋಂದಣಿ ಆಗುತ್ತದೆ, ಲಾಗಿನ್ ಮಾತ್ರ ಯಾರಿಗೂ ಆಗುವುದಿಲ್ಲ. ಕಾಲಂ ಅನ್ನು 255ಕ್ಕೆ ಅಗಲಿಸಿದರೆ ಮುಗಿಯಿತು. ಉದ್ಘಾಟನೆ ನಾಳೆ ಎಂದಿದ್ದಾಗ ಅದು ಹೊಳೆಯದೆ, ಎಂಡಿ5ಗೆ ವಾಪಸ್ ಹೋಗುತ್ತಾರೆ.

ಕುಕಿಯದೂ ಇದೇ ಪಾಡು. ಲಾಗಿನ್ ಆದವರನ್ನು ಗುರುತಿಸಲು ಬ್ರೌಸರಿನಲ್ಲಿ ಇಡುವ ಚೀಟಿಯೇ ಸೆಷನ್ ಕುಕಿ. ಅದಕ್ಕೆ ಸೆಕ್ಯೂರ್ (ಎಚ್‌ಟಿಟಿಪಿಎಸ್‌ನಲ್ಲಿ ಮಾತ್ರ ಹೋಗಲಿ), ಎಚ್‌ಟಿಟಿಪಿ-ಓನ್ಲಿ (ಪುಟದ ಸ್ಕ್ರಿಪ್ಟಿಗೆ ಸಿಗದಿರಲಿ), ಸೇಮ್‌ಸೈಟ್ ಲ್ಯಾಕ್ಸ್ (ಬೇರೆ ಸೈಟಿನ ಕೋರಿಕೆಗಳ ಜೊತೆ ಸಾಮಾನ್ಯವಾಗಿ ಹೋಗದಿರಲಿ) ಎಂಬ ಮೂರೂ ಗುರುತು ಇರಬೇಕು. ಸ್ವಂತ ಲ್ಯಾಪ್‌ಟಾಪಿನಲ್ಲಿ ಓಡಿದ ಕೋಡ್ ಎಂಜಿನ್‌ಎಕ್ಸ್ (ಮುಂದೆ ನಿಂತು ಕೋರಿಕೆಗಳನ್ನು ಒಳಗೆ ದಾಟಿಸುವ ಸರ್ವರ್) ಹಿಂದೆ ಕೂತ ಕೂಡಲೇ, ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಲಾಗಿನ್ ಪುಟಕ್ಕೇ ಮರಳುತ್ತದೆ. ಹೊರಗಿನಿಂದ ಎಚ್‌ಟಿಟಿಪಿಎಸ್‌ನಲ್ಲೇ ಬಂದರೂ ಒಳಗೆ ನೋಡ್.ಜೆಎಸ್‌ನಲ್ಲಿ ಓಡುವ ಆ್ಯಪ್‌ಗೆ ಬರೀ ಎಚ್‌ಟಿಟಿಪಿ ಕಾಣುತ್ತದೆ, ಹಾಗಾಗಿ ಸೆಕ್ಯೂರ್ ಕುಕಿ ಕೊಡುವುದಿಲ್ಲ. ಹೊರಗೆ ಎಚ್‌ಟಿಟಿಪಿಎಸ್ ಇತ್ತೆಂದು ಹೇಳುವ ಎಕ್ಸ್-ಫಾರ್ವರ್ಡೆಡ್-ಪ್ರೋಟೊ ಹೆಡರನ್ನು ಎಂಜಿನ್‌ಎಕ್ಸ್‌ನಿಂದ ಕಳಿಸಿ, ಅದನ್ನು ಆ್ಯಪ್ ನಂಬುವಂತೆ ಎಕ್ಸ್‌ಪ್ರೆಸ್ ಫ್ರೇಮ್‌ವರ್ಕ್‌ನಲ್ಲಿ ಟ್ರಸ್ಟ್ ಪ್ರಾಕ್ಸಿಯನ್ನು 1 ಮಾಡಬೇಕು. ಮಾಡುವುದೇನು? ಸೆಕ್ಯೂರ್ ತೆಗೆದುಬಿಡುತ್ತಾರೆ. ಆಮೇಲೆ ಯಾವುದೋ ಹಳೆಯ ಎಚ್‌ಟಿಟಿಪಿ ಲಿಂಕ್ ಒತ್ತಿದಾಗ ಕುಕಿ ಬಯಲಲ್ಲೇ ಹರಿದುಹೋಗುತ್ತದೆ. ಅದು ಸಿಕ್ಕವರಿಗೆ ಪಾಸ್‌ವರ್ಡಿನ ಅಗತ್ಯವೇ ಇಲ್ಲ.

ಕನ್ನಡದಲ್ಲಿ ಪಾಸ್‌ವರ್ಡ್ ಹಾಕುವವರಿಗೆ ಇನ್ನೊಂದು ತೊಡಕಿದೆ. ಇಂಗ್ಲಿಷ್ ಪಾಠ ನೋಡಿ ಕೋಡ್ ಬರೆದವರು ಇದನ್ನು ಯೋಚಿಸಿರುವುದೇ ಅಪರೂಪ. ಬಿಕ್ರಿಪ್ಟ್ ನೋಡುವುದು ಮೊದಲ 72 ಬೈಟ್ ಮಾತ್ರ. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರ, ಒಂದೊಂದು ಸ್ವರಚಿಹ್ನೆ, ಒತ್ತಕ್ಷರ ಮೂಡಿಸುವ ಒಂದೊಂದು ಹಲಂತ ಚಿಹ್ನೆಗೂ (್) 3 ಬೈಟ್. ‘ಕನ್ನಡದಲ್ಲಿ’ ಎಂಬ ಒಂದೇ ಪದಕ್ಕೆ 30 ಬೈಟ್ ಹೋಯಿತು. ನಾಲ್ಕು ಪದದ ವಾಕ್ಯ ಇಟ್ಟವರ ಕೊನೆಯ ಪದಗಳು ಲೆಕ್ಕಕ್ಕೇ ಬರುವುದಿಲ್ಲ. ಇನ್ನು ‘ಕೊ’ ಎಂಬುದನ್ನು ಯುನಿಕೋಡ್‌ನಲ್ಲಿ ಒಂದೇ ಚಿಹ್ನೆಯಿಂದಲೂ ಬರೆಯಬಹುದು, ಎತ್ವ ಮತ್ತು ಕೊಂಬಿನ ದೀರ್ಘ ಎರಡನ್ನು ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಹ್ಯಾಶ್ ಬೇರೆ. ನೋಂದಣಿ, ಲಾಗಿನ್ ಎರಡೂ ಕಡೆ ಹ್ಯಾಶ್ ಮಾಡುವ ಮೊದಲು ಎನ್‌ಎಫ್‌ಸಿ ಎಂಬ ಯುನಿಕೋಡ್‌ನ ಏಕರೂಪಕ್ಕೆ ತಂದರೆ ಈ ರಗಳೆ ಇರುವುದಿಲ್ಲ. ಆರ್ಗಾನ್2ರಲ್ಲಿ 72 ಬೈಟಿನ ಮಿತಿಯೂ ಇಲ್ಲ.

ಒಟಿಪಿ ಇದೆಯಲ್ಲ ಎಂದು ನಿಶ್ಚಿಂತರಾಗುವಂತಿಲ್ಲ. ಆರು ಅಂಕಿ ಎಂದರೆ ಹತ್ತು ಲಕ್ಷ ಸಾಧ್ಯತೆ ಅಷ್ಟೇ. ಐದು ಸಲ ತಪ್ಪಿದರೆ ಆ ಒಟಿಪಿ ರದ್ದಾಗಬೇಕು. ಬ್ರೌಸರಿನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ವಿಭಾಗ ತೆರೆದು ಒಟಿಪಿ ಕೇಳಿ ನೋಡಿ: ಸರ್ವರ್ ಕಳಿಸಿದ ಉತ್ತರದಲ್ಲೇ ಆ ಆರು ಅಂಕಿ ಕಂಡರೆ ಮೊಬೈಲ್ ಕೈಯಲ್ಲಿ ಇಲ್ಲದವರೂ ಒಳಗೆ ಬರುತ್ತಾರೆ. ತಪ್ಪು ಪ್ರಯತ್ನವನ್ನು ಬರೀ ಐಪಿ ವಿಳಾಸದ ಮೇಲೆ ತಡೆಯುವುದೂ ಸರಿಯಲ್ಲ. ಮೊಬೈಲ್ ಡೇಟಾದಲ್ಲಿ ಒಂದೇ ಐಪಿಯ ಹಿಂದೆ ನೂರಾರು ಜನ ಇರುತ್ತಾರೆ. ಖಾತೆ, ಐಪಿ ಎರಡನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಲಾಗಿನ್ ಆದ ಮೇಲೆ ಬ್ರೌಸರಿನ ಅಡ್ರೆಸ್ ಬಾರ್‌ನಲ್ಲಿ ಸದಸ್ಯ ಸಂಖ್ಯೆ 1042 ಎಂದಿದ್ದರೆ, ಒಪ್ಪಿಗೆ ಕೊಟ್ಟ ಇನ್ನೊಬ್ಬ ಸದಸ್ಯರ ಸಂಖ್ಯೆ ಹಾಕಿ ನೋಡಿ. ಅವರ ಪಾಸ್‌ಬುಕ್ ತೆರೆಯಿತೇ? ಹಾಗಾದರೆ ಇಷ್ಟೆಲ್ಲ ಬೀಗ ಹಾಕಿದ್ದು ಗೋಡೆಯೇ ಇಲ್ಲದ ಮನೆಗೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ತಕ್ಕ ಭದ್ರತೆ ಇಡದ್ದಕ್ಕೆ ದಂಡ 250 ಕೋಟಿ ರೂಪಾಯಿವರೆಗೂ ಇದೆ. ಹೊಣೆ ಸಂಸ್ಥೆಯದ್ದು. ಗುತ್ತಿಗೆ ತೆಗೆದುಕೊಂಡವರ ಕಡೆ ಕೈ ತೋರಿಸಿ ಪಾರಾಗುವಂತಿಲ್ಲ.

ಈಗಾಗಲೇ ಪಾಸ್‌ವರ್ಡುಗಳನ್ನು ಓದಲು ಬರುವಂತೆ ಇಟ್ಟವರು ಸದಸ್ಯರಿಗೆ ಸುತ್ತೋಲೆ ಕಳಿಸಿ ಕಾಯಬೇಕಿಲ್ಲ. ಸದಸ್ಯರು 4000 ಇದ್ದರೆ, ತಲಾ ಕಾಲು ಸೆಕೆಂಡ್‌ನಂತೆ ಎಲ್ಲವನ್ನೂ ಹ್ಯಾಶ್ ಮಾಡಲು ಸುಮಾರು 17 ನಿಮಿಷ ಸಾಕು. ಎಂಡಿ5ರಲ್ಲಿ ಇದ್ದರೆ ಆ ಎಂಡಿ5ನ್ನೇ ಬಿಕ್ರಿಪ್ಟ್‌ಗೆ ಕೊಟ್ಟು, ಒಬ್ಬೊಬ್ಬರೂ ಲಾಗಿನ್ ಆದಂತೆ ನೇರ ಹ್ಯಾಶ್‌ಗೆ ಬದಲಿಸಿಕೊಳ್ಳಬಹುದು. ಮುಗಿದ ಮೇಲೆ ಹಳೆಯ ಕಾಲಂ ಅಳಿಸಿ. ಕಚೇರಿಯ ಕಂಪ್ಯೂಟರ್, ಗುಮಾಸ್ತರ ಪೆನ್‌ಡ್ರೈವ್, ಡೆವಲಪರ್‌ನ ಇಮೇಲ್‌ನಲ್ಲಿ ಉಳಿದಿರುವ ಹಳೆಯ ಬ್ಯಾಕಪ್ ಫೈಲುಗಳನ್ನೂ ಹುಡುಕಿ ಅಳಿಸಿ.

– ಇಬ್ಬರು ವೆಬ್ ಡೆವಲಪರ್‌ಗಳು, ಮೈಸೂರು