ಜೇನಿಗೂ ಬೇಕು ಗುಣಮಟ್ಟದ ದರ

ಮಾನ್ಯರೇ,

ಕಾಡಿನ ಹೆಜ್ಜೇನು ಡಬ್ಬದಲ್ಲೇ ನೊರೆಯೆದ್ದು ಹುಳಿಯಾದರೆ, ‘ಪಾಕ ಬೆರೆಸಿದ್ದಾರೆ’ ಎಂದು ಗಿರಿಜನರನ್ನೇ ದೂರುವುದು ರೂಢಿ. ಅಸಲು ಕಾರಣ ಹೆಚ್ಚಾಗಿ ನೀರಿನಂಶ. ಆಹಾರ ಸುರಕ್ಷತಾ ನಿಯಮದ ಮಿತಿ ಶೇ 20. ಮಳೆ ಹಿಡಿದ ಮೇಲೆ ಇಳಿಸಿದ ಜೇನುತುಪ್ಪ ಇದನ್ನು ಸಲೀಸಾಗಿ ದಾಟುತ್ತದೆ. ಮರಿಹುಳುವಿನ ಎರಿಯನ್ನೂ ಸೇರಿಸಿ ಕೈಯಲ್ಲಿ ಹಿಂಡಿದರಂತೂ ಇನ್ನೂ ಬೇಗ ಕೆಡುತ್ತದೆ. ತುಪ್ಪ ಗಟ್ಟಿಯಾಗಿ ಮೇಣದ ಮುಚ್ಚಳ ಕಟ್ಟಿದ ಎರಿಯ ತಲೆಭಾಗವನ್ನಷ್ಟೇ ಕೊಯ್ದು, ಮುಚ್ಚಳ ಸೀಳಿ, ತೆಳುಬಟ್ಟೆಯ ಮೇಲೆ ತಾನಾಗಿ ಸೋರಲು ಬಿಡಬೇಕು.

ಬಿಳಿಗಿರಿರಂಗನಬೆಟ್ಟದ ಸೋಲಿಗರಿಗೆ 2011ರಲ್ಲೇ ಸಮುದಾಯ ಅರಣ್ಯ ಹಕ್ಕು ಸಿಕ್ಕಿದೆ. ಆದರೆ ಜೇನು ಕೊಳ್ಳುವ ಲ್ಯಾಂಪ್ಸ್ (ಗಿರಿಜನರ ವಿವಿಧೋದ್ದೇಶ) ಸಹಕಾರ ಸಂಘದಲ್ಲಿ ತೂಕವನ್ನಷ್ಟೇ ನೋಡಿದರೆ ನೀರು ಜೇನಿಗೂ ಗಟ್ಟಿ ಜೇನಿಗೂ ಒಂದೇ ಬೆಲೆ. ಕಾದು ಕೊಯ್ದವನಿಗೇ ನಷ್ಟ. ಹಾಲಿನ ಡೇರಿಯಲ್ಲಿ ಕೊಬ್ಬಿನಂಶ ನೋಡುವಂತೆ, ಇಲ್ಲೂ ನೀರಿನಂಶ ಅಳೆಯುವ ರಿಫ್ರಾಕ್ಟೋಮೀಟರಿನ ಗಾಜಿಗೆ ಒಂದು ಹನಿ ಹಾಕಿ, ಕೊಯ್ದವನ ಎದುರಿಗೇ ಓದಿ ದರ ಕಟ್ಟಲಿ.

– ಓದುಗ, ಚಾಮರಾಜನಗರ