ಹನ್ನೆರಡೂವರೆಯ ಧಾರಾವಾಹಿ

ಈ ಸಂಚಿಕೆ ಕಳೆದ ವಾರವೇ ನಿಮ್ಮ ಕೈ ಸೇರಬೇಕಿತ್ತು. ನಮ್ಮ ಅಟ್ಲಾಂಟಾದ ಕನ್ನಡ ಕೂಟದ ಅಧ್ಯಕ್ಷರು ದಿನಾ ಬೆಳಿಗ್ಗೆ ವಾಟ್ಸಾಪಿನಲ್ಲಿ "ಸಂಪಾದಕೀಯ ಆಯ್ತಾ ಮೇಡಂ?" ಅಂತ ಕೇಳುತ್ತಲೇ ಇದ್ದಾರೆ. ಈಗ ರಾತ್ರಿ ಹನ್ನೊಂದು ದಾಟಿದೆ, ನಾಳೆ ಆಫೀಸಿದೆ. ರಾಜ್ಯೋತ್ಸವದ ಬಗ್ಗೆ ಬರೆಯೋಣ ಅಂತ ಕೂತೆ. ಆದರೆ ಭಾನುವಾರ ಮಕ್ಕಳ ನಾಟಕದ ರಿಹರ್ಸಲ್‌ನಲ್ಲಿ ಕೇಳಿದ ಒಂದು ಮಾತು ತಲೆಯಿಂದ ಹೋಗುತ್ತಿಲ್ಲ.

ಪಾರ್ಟು ಹಂಚುತ್ತಿದ್ದೆವು. ಮೂರನೇ ಕ್ಲಾಸಿನ ಹುಡುಗಿಯೊಬ್ಬಳಿಗೆ "ನೀನು ರಾಣಿ ಮಾತು ಓದು ಪುಟ್ಟಿ" ಅಂದೆ. ಅವಳು ಹಾಳೆ ವಾಪಸ್ ಕೊಟ್ಟು, "ನಾನು ಕಪ್ಪು ಅಲ್ವಾ ಆಂಟಿ, ನಾನು ಸಖಿ ಆಗ್ತೀನಿ" ಅಂದಳು. ದನಿಯಲ್ಲಿ ಬೇಜಾರೇನೂ ಇರಲಿಲ್ಲ. ನಾಳೆ ಮಳೆ ಬರುತ್ತೆ ಅನ್ನೋ ಹಾಗೆ ಹೇಳಿದಳು. ಯಾರು ಹೇಳಿದ್ದು ಅಂತ ಕೇಳಿದರೆ ಯಾರೂ ಹೇಳಿಲ್ಲವಂತೆ. ಅಜ್ಜಿ ಜೊತೆ ಸೀರಿಯಲ್ ನೋಡ್ತಾಳಂತೆ, ಅಲ್ಲಿ ಹಾಗೇ ಅಂತೆ.

ನನಗೆ ನೆನಪಾದದ್ದು ಇನ್ನೊಬ್ಬ ಅಜ್ಜಿ. ನಾವು ಅಟ್ಲಾಂಟಾಕ್ಕೆ ಬಂದ ಹೊಸತು, ತೊಂಬತ್ತರ ದಶಕ. ಎಚ್-4 (ಗಂಡನ ವೀಸಾದ ಜೊತೆ ಬರುವ, ಕೆಲಸಕ್ಕೆ ಅನುಮತಿ ಇಲ್ಲದ ವೀಸಾ) ದಿನಗಳು ಅಂದರೆ ಸಾಕು, ನಿಮ್ಮಲ್ಲಿ ಅರ್ಧ ಜನಕ್ಕೆ ಮುಂದಿನದು ಗೊತ್ತು. ಇದ್ದೊಂದು ಕಾರು ಇವರ ಜೊತೆ ಹೋಯಿತೆಂದರೆ ಸಂಜೆಯವರೆಗೆ ನಾಲ್ಕು ಗೋಡೆ. ಲಾಂಡ್ರಿ ರೂಮಿನಲ್ಲಿ ಕೆಳಗಿನ ಮನೆಯ ಅಜ್ಜಿ ಮಾತಿಗೆ ಸಿಕ್ಕಿದರು. ಅಲಬಾಮಾ ಕಡೆಯ ಕಪ್ಪು ಅಮೆರಿಕನ್ ಹೆಂಗಸು, ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತರಾದವರು. "ಹನ್ನೆರಡೂವರೆಗೆ ಬಾ, ನನ್ನ ಸ್ಟೋರಿ ಬರುತ್ತೆ" ಅಂದರು. ಹೋದೆ. ಆಮೇಲೆ ದಿನಾ ಹೋದೆ.

ಸ್ಟೋರಿ ಅಂದರೆ ಟಿವಿ ಧಾರಾವಾಹಿ, 'ದಿ ಯಂಗ್ ಅಂಡ್ ದಿ ರೆಸ್ಟ್‌ಲೆಸ್'. ಶ್ರೀಮಂತರ ಮನೆ, ಬಾಗಿಲ ಮರೆಯಲ್ಲಿ ಕದ್ದು ಕೇಳೋರು, ಯಾರದೋ ಮಗು ಇನ್ಯಾರದೋ ಅಂತ ಗೊತ್ತಾಗೋದು. ಅಜ್ಜಿ ಬೀನ್ಸ್ ನಾರು ತೆಗೆಯುತ್ತಾ ನೋಡೋರು. ಬಿಳಿಯರ ಸೀನು ನಡೆಯುವಾಗ ಕೈ ಓಡುತ್ತಿತ್ತು. ನೀಲ್, ಡ್ರೂಸಿಲ್ಲಾ ಬಂದರೆ ಕೈ ನಿಂತುಬಿಡೋದು. ಕ್ರಿಸ್ಟಾಫ್ ಸೇಂಟ್ ಜಾನ್, ವಿಕ್ಟೋರಿಯಾ ರೋವೆಲ್ ಮಾಡುತ್ತಿದ್ದ ಕಪ್ಪು ಪಾತ್ರಗಳು. ನಾನೇನಾದರೂ ಕೇಳಿದರೆ "ಶ್!". ಅವರಿಬ್ಬರು ಬಾರದ ದಿನ ಅಜ್ಜಿಯ ಬೀನ್ಸ್ ಬೇಗ ಮುಗಿಯುತ್ತಿತ್ತು.

ಕಾರ್ಲಾ ಕಥೆಯನ್ನೂ ಅವರೇ ಹೇಳಿದ್ದು. 'ಒನ್ ಲೈಫ್ ಟು ಲಿವ್' ಅನ್ನುವ ಇನ್ನೊಂದು ಧಾರಾವಾಹಿ 1968ರ ಜುಲೈನಲ್ಲಿ ಶುರುವಾಯಿತು. ಎಲೆನ್ ಹಾಲಿ ಎಂಬ ನಟಿ. ಮೈಬಣ್ಣ ತೆಳು, ಆದರೆ ಕಪ್ಪು ಜನಾಂಗದವರು. ತನ್ನಂಥವಳಿಗೆ ಪಾತ್ರ ಸಿಗುವುದು ಎಷ್ಟು ಕಷ್ಟ ಅಂತ ಅವರು 'ನ್ಯೂಯಾರ್ಕ್ ಟೈಮ್ಸ್'ಗೆ ಬರೆದದ್ದನ್ನು ಧಾರಾವಾಹಿಯ ಕರ್ತೃ ಆಗ್ನೆಸ್ ನಿಕ್ಸನ್ ಓದಿ ಕರೆಸಿಕೊಂಡರು. ಕಾರ್ಲಾ ಬೆನಾರಿ ಅಂತ ಪಾತ್ರ. ಬಿಳಿ ಡಾಕ್ಟರ ಜೊತೆ ಮದುವೆ ಮಾತು, ಒಬ್ಬ ಕಪ್ಪು ಡಾಕ್ಟರ ಮೇಲೆ ಮನಸ್ಸು. ಅವಳು ಬಿಳಿಯಳೆಂದೇ ನಂಬಿದ್ದ ಜನ ಕಪ್ಪು ಡಾಕ್ಟರಿಗೆ ಮುತ್ತು ಕೊಟ್ಟದ್ದು ನೋಡಿ ರೇಗಿದರು. ಟೆಕ್ಸಾಸ್‌ನ ಒಂದು ಸ್ಟೇಷನ್ನು ಧಾರಾವಾಹಿಯನ್ನೇ ನಿಲ್ಲಿಸಿತು. ತಿಂಗಳುಗಟ್ಟಲೆ ಆದ ಮೇಲೆ ಗೊತ್ತಾಗುತ್ತದೆ, ಅದೇ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ ಸೇಡಿ ಅನ್ನುವ ಕಪ್ಪು ಹೆಂಗಸಿನ ಮಗಳು ಇವಳು, ತಾಯಿಯನ್ನು ಬಿಟ್ಟು ಬಿಳಿಯಳ ಹಾಗೆ ಬದುಕುತ್ತಿದ್ದಾಳೆ ಅಂತ. "ಆ ದಿನ ನನ್ನ ಅಮ್ಮ ಟಿವಿ ಮುಂದೆ ನಿಂತೇ ಅತ್ತಳು" ಅಂದರು ಅಜ್ಜಿ. ಅವರ ಮನೆತನದಲ್ಲೂ ಹಾಗೆ ಹೋದವರೊಬ್ಬರು ಇದ್ದರಂತೆ. ಯಾರು ಅಂತ ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಅಷ್ಟು ಜನರನ್ನು ಟಿವಿ ಮುಂದೆ ಕೂರಿಸಿದ ಹಾಲಿ ಅವರಿಗೆ ಸಿಕ್ಕಿದ್ದೇನು? ಸಂಬಳದಲ್ಲೂ ನಡೆಸಿಕೊಂಡ ರೀತಿಯಲ್ಲೂ ತನಗಾದ ಅನ್ಯಾಯವನ್ನು ಅವರು 1996ರ ಆತ್ಮಕಥೆಯಲ್ಲಿ ಬರೆದಿದ್ದಾರೆ. ಕೊನೆಗೆ ನ್ಯೂಯಾರ್ಕಿನ ವೈಟ್ ಪ್ಲೇನ್ಸ್‌ನಲ್ಲಿ ಲೈಬ್ರರಿ ಕೆಲಸಕ್ಕೆ ಸೇರಿದರು. 2023ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಅವರಿಗೆ 92 ವರ್ಷ.

ಈ ಧಾರಾವಾಹಿಗಳು ನಡೆದದ್ದು ಸೋಪು, ಡಿಟರ್ಜೆಂಟ್ ಕಂಪನಿಗಳ ದುಡ್ಡಿನಲ್ಲಿ. ಅಜ್ಜಿಯಂಥವರೂ ಅದೇ ಸೋಪು ಕೊಳ್ಳುತ್ತಿದ್ದರು. ಆದರೂ ಕಪ್ಪು ಪಾತ್ರಗಳೆಂದರೆ ಹೆಚ್ಚಾಗಿ ನರ್ಸ್, ಪೊಲೀಸ್, ನಾಯಕಿಯ ಗೆಳತಿ. ಗೆಳತಿಗೆ ಮನೆ ಎಲ್ಲಿ, ಅಪ್ಪ ಅಮ್ಮ ಯಾರು, ಒಂದೂ ಗೊತ್ತಾಗುವುದಿಲ್ಲ. ನಾಯಕಿ ಅತ್ತಾಗ ಟಿಶ್ಯೂ ಕೊಡೋದಷ್ಟೇ ಅವಳ ಕೆಲಸ. ಶುರುವಿನಿಂದಲೇ ಒಂದು ಕಪ್ಪು ಕುಟುಂಬವನ್ನು ನಡುವೆ ಇಟ್ಟು 1989ರಲ್ಲಿ ಎನ್‌ಬಿಸಿ ಚಾನೆಲ್ಲಿನಲ್ಲಿ 'ಜನರೇಷನ್ಸ್' ಧಾರಾವಾಹಿ ಬಂತು, ಎರಡು ವರ್ಷ ತುಂಬುವ ಮೊದಲೇ ಮುಗಿಯಿತು. ಕ್ಯಾಮೆರಾ ಹಿಂದೆಯೂ ಕಪ್ಪು ಬರಹಗಾರರು ಬೇಕು, ನಮ್ಮ ಕೂದಲು ಬಾಚಲು ಬರುವವರು ಬೇಕು ಅಂತ ರೋವೆಲ್ ವರ್ಷಗಟ್ಟಲೆ ಕೇಳಿದರು. ಕೇಳಿದ್ದಕ್ಕೇ ಮತ್ತೆ ಕೆಲಸ ಕೊಡಲಿಲ್ಲ ಅಂತ 2015ರಲ್ಲಿ ಕೋರ್ಟಿಗೂ ಹೋದರು. ಹಗಲಿನ ಟಿವಿ ಕಾರ್ಯಕ್ರಮಗಳಿಗೆ ಕೊಡುವ ಡೇಟೈಮ್ ಎಮ್ಮಿ ಪ್ರಶಸ್ತಿ ಶುರುವಾದದ್ದು 1974ರಲ್ಲಿ. 1979ರಲ್ಲಿ ಮುಖ್ಯ ನಟ ಪ್ರಶಸ್ತಿ ಕಪ್ಪು ನಟ ಆಲ್ ಫ್ರೀಮನ್ ಜೂನಿಯರ್ ಅವರಿಗೆ ಸಿಕ್ಕಿತು. ಮುಖ್ಯ ನಟಿ ಪ್ರಶಸ್ತಿ ಒಬ್ಬ ಕಪ್ಪು ನಟಿಗೆ ಸಿಗಲು 2022 ಬರಬೇಕಾಯಿತು, ಮಿಷೇಲ್ ಮಾರ್ಗನ್‌ಗೆ. ಅದೂ ಅಜ್ಜಿಯ ಹನ್ನೆರಡೂವರೆಯ ಸ್ಟೋರಿಯಲ್ಲೇ.

2025ರ ಫೆಬ್ರವರಿಯಿಂದ ಸಿಬಿಎಸ್‌ನಲ್ಲಿ 'ಬಿಯಾಂಡ್ ದಿ ಗೇಟ್ಸ್' ಧಾರಾವಾಹಿ ಬರುತ್ತಿದೆ. ಮಿಷೆಲ್ ವಾಲ್ ಜೀನ್ ಬರೆದದ್ದು. ವಾಷಿಂಗ್ಟನ್ ಪಕ್ಕದ ಮೇರಿಲ್ಯಾಂಡಿನ ಸಿರಿವಂತ ಕಪ್ಪು ಮನೆತನ, ಮಧ್ಯದಲ್ಲಿ ನಟಿ ತಮಾರಾ ಟ್ಯೂನಿ. ಶೂಟಿಂಗ್ ನಡೆಯುವುದು ಅಟ್ಲಾಂಟಾ ಪಕ್ಕದ ನಮ್ಮ ಡೊರಾವಿಲ್‌ನಲ್ಲಿ! ಹಳೆಯ ಜನರಲ್ ಮೋಟರ್ಸ್ ಕಾರ್ಖಾನೆ ಇದ್ದ ಜಾಗ. ಕೊರಿಯನ್ ಅಂಗಡಿಗೆ ಅಗ್ಗದ ಬದನೆಕಾಯಿ ಹುಡುಕಿ ಹೋಗುವವರೆಲ್ಲ ಅದರ ಮುಂದೆಯೇ ಹಾದಿದ್ದೀರಿ. ಕಥೆ ಒಂದಿಷ್ಟು ಜಾಸ್ತಿಯೇ ಎಳೆಯುತ್ತಾರೆ, ನಿಜ. ಆದರೆ ಅಲ್ಲಿ ಕಪ್ಪು ಹೆಂಗಸರು ಒಳ್ಳೆಯವರೂ ಹೌದು, ಕುತಂತ್ರಿಗಳೂ ಹೌದು. ಕೆಟ್ಟವರಾಗುವ ಅವಕಾಶವೂ ಸಿಕ್ಕಿದೆ ಅನ್ನೋದೇ ನನಗೆ ಖುಷಿ.

ಇನ್ನು ನಮ್ಮ ಕಡೆ. ಅಮೆರಿಕದ ಟಿವಿಯಲ್ಲಿ ನಮ್ಮವರನ್ನು ಅಂಗಡಿಯವನನ್ನಾಗಿ ತೋರಿಸಿದರೆ ಗ್ರೂಪಿನಲ್ಲಿ ಬೆಳತನಕ ಜಗಳ. ನಮ್ಮ ಸೀರಿಯಲ್‌ಗಳಲ್ಲಿ ಕಪ್ಪು ಹುಡುಗಿಯ ಕಥೆ ಮಾಡಬೇಕೆಂದರೆ ಬೆಳ್ಳಗಿನ ನಟಿಯನ್ನೇ ತಂದು ಮುಖಕ್ಕೆ ಬಣ್ಣ ಬಳಿದದ್ದಿದೆ. ಆಗ ಯಾರೂ ಚಕಾರ ಎತ್ತಲಿಲ್ಲ. ಫೇರ್ ಅಂಡ್ ಲವ್ಲಿ ಹೆಸರು ಬದಲಿಸಿದ್ದು 2020ರಲ್ಲಿ, ಟ್ಯೂಬಂತೂ ಈಗಲೂ ಊರಿನಿಂದ ಸೂಟ್‌ಕೇಸಿನಲ್ಲಿ ಬರುತ್ತಿದೆ. ಯಲ್ಲಾಪುರ, ಹಳಿಯಾಳದ ಕಡೆ ಆಫ್ರಿಕಾ ಮೂಲದ ಸಿದ್ದಿಗಳು ತಲೆತಲಾಂತರದಿಂದ ಇದ್ದಾರೆ. ನೀನಾಸಂನಲ್ಲಿ ಕಲಿತ ಗಿರಿಜಾ ಸಿದ್ದಿ, ಪ್ರಶಾಂತ್ ಸಿದ್ದಿಯಂಥ ಕಲಾವಿದರಿದ್ದಾರೆ. ನಾನು ನೋಡಿದ ಯಾವ ಧಾರಾವಾಹಿಯಲ್ಲೂ ಸಿದ್ದಿ ಹುಡುಗಿ ಮನೆಯ ಸೊಸೆಯಾಗಿ ಬಂದದ್ದಿಲ್ಲ. ಹೋದ ವರ್ಷದ ನಮ್ಮ ನಾಟಕದ ಫೋಟೋ ತೆಗೆದು ನೋಡಿ. ಎಲ್ಲ ಮಕ್ಕಳಿಗೂ ಒಂದೇ ಡಬ್ಬಿಯ ಗುಲಾಬಿ ಮೇಕಪ್ ಪ್ಯಾನ್‌ಕೇಕ್. ಮುಖ ಬೂದಿ, ಕತ್ತು ಕಂದು.

ಜಾಗ ಮುಗಿಯಿತು, ಸೂಚನೆಗಳು ಬೇಗ ಬೇಗ. ರಾಜ್ಯೋತ್ಸವ ನವೆಂಬರ್ ಮೊದಲ ಶನಿವಾರ, ಮಧ್ಯಾಹ್ನ ಎರಡಕ್ಕೆ ಸರಿಯಾಗಿ (ಎರಡು ಅಂದರೆ ಎರಡೇ!). ಊಟಕ್ಕೆ ಬಿಸಿಬೇಳೆಬಾತ್ ಕೂಟದಿಂದ, ಮೊಸರನ್ನ ಯಾರಾದರೂ ಒಪ್ಪಿಕೊಳ್ಳಬೇಕು. ಕನ್ನಡ ಕಲಿ ತರಗತಿಗೆ ಈ ಭಾನುವಾರ ರಜೆ. ಸದಸ್ಯತ್ವದ ದುಡ್ಡು ಕೊಡದವರು ಯಾರೆಂದು ಖಜಾಂಚಿಗೆ ಗೊತ್ತು. ಮೇಕಪ್ಪಿಗೆ ಇಬ್ಬರು ಬೇಕು, ಕಂದು ಬಣ್ಣದ ನಾಲ್ಕೈದು ಶೇಡ್ ಇಟ್ಟುಕೊಂಡವರು ದಯವಿಟ್ಟು ಡಬ್ಬಿ ಸಮೇತ ಬನ್ನಿ. ಪುಟ ಜೋಡಿಸಲು ಬರುವವರು ಒಬ್ಬರಾದರೂ ಇದ್ದರೆ ನನಗೆ ತಿಳಿಸಿ, ಒಬ್ಬಳ ಕೈಲಿ ಆಗ್ತಿಲ್ಲ, ಸುಮ್ನೆ ಹೇಳ್ತಿಲ್ಲ. ಜಾಹೀರಾತನ್ನು ಪಿಡಿಎಫ್ ಮಾಡಿ ಕಳಿಸಿ, ಫೋನಿನಲ್ಲಿ ತೆಗೆದ ಫೋಟೋ ಬೇಡ.

– ಸಂಪಾದಕಿ